ಹೊಳೆಯಿಂದ ಬಂದ ಮಡಿಚು ಚಾಕು

ದಾವಣಗೆರೆಯ ಮಂಡಿಪೇಟೆಯಲ್ಲಿ ಬೇವಿನಮರದ ಬುಡಕ್ಕೆ ಗೋಣಿತಾಟು ಹಾಸಿಕೊಂಡು ಹಳೇ ಮಡಿಚು ಚಾಕು ಕೊಂಡು ಮಾರುತ್ತಿದ್ದ ಬೋರಣ್ಣನಿಗೆ ಒಂದು ಕೆಟ್ಟ ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ. ಬಾಯಿ. ಯಾರಾದರೂ ಚಾಕು ತಂದರೆ ಬೆಲೆ ಹೇಳಿ ಸುಮ್ಮನಾಗುವ ಆಸಾಮಿಯಲ್ಲ, ಅದರ ಜಾತಕವನ್ನೇ ಓದಿಬಿಡುತ್ತಿದ್ದ. ಓದಲಿ, ಬ್ಯಾಡ ಅಂದೋರ್ಯಾರು? ಕೇಳುವವರ ಮುಖ ನೋಡಿ ಓದಬೇಕಿತ್ತು, ಅಷ್ಟೆ.

ಕಸುಬಿನಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಚಾಕುವನ್ನು ಮೊದಲು ಕಿವಿಯ ಹತ್ತಿರ ಹಿಡಿದು ತೆರೆಯುತ್ತಿದ್ದ. ಟಕ್ಕೆಂದು ಗಟ್ಟಿಯಾಗಿ ಕೂತರೆ ಸ್ಪ್ರಿಂಗಿಗೆ ಜೀವ ಇದೆಯೆಂದು ಲೆಕ್ಕ. ಸಪ್ಪೆ ಸದ್ದು ಬಂದರೆ ತಾಟಿನ ಮೂಲೆಗೆ ಹೋಗುತ್ತಿತ್ತು. ಆಮೇಲೆ ಅಲಗಿನ ಬುಡದ ಮೊಹರು. ಇಂಗ್ಲಿಷ್ ಅಕ್ಷರ ಒಂದೂ ಬರದಿದ್ದರೂ ವಿಲಾಯತಿ ಮೊಹರು ಯಾವುದು, ಅದನ್ನು ನೋಡಿ ಹೊಡೆದ ಕಳ್ಳ ಮೊಹರು ಯಾವುದು ಎಂದು ಉಗುರು ಸವರಿ ಹೇಳುತ್ತಿದ್ದ. ಹಿಡಿ ಕೊಂಬಿನದು ಎಂದು ವಾದ ಮಾಡುವವರ ಎದುರೇ ಸೂಜಿ ಕಾಯಿಸಿ ಚುಚ್ಚುವನು. ಸುಟ್ಟ ಕೂದಲಿನ ವಾಸನೆ ಬಂದರೆ ಕೊಂಬು, ಇಲ್ಲದಿದ್ದರೆ ವಾದ ಮಾಡಿದವನು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಹಿಡಿ ಹಳತಾಗಿ ಅಲಗು ಹೊಸದಿದ್ದರೆ, "ಇದಕ್ಕೆ ಎರಡನೇ ಸಂಬಂಧ ಆಗೈತೆ" ಎಂದು ಅರ್ಧ ಬೆಲೆ ಕಟ್ಟಿ ಎಲ್ಲರನ್ನೂ ನಗಿಸುತ್ತಿದ್ದ.

ಚಾಕುವಿನ ವಿಷಯದಲ್ಲಿ ನಮ್ಮ ಜನಕ್ಕೆ ಎರಡು ಕಟ್ಟುಪಾಡು. ಕೈಯಿಂದ ಕೈಗೆ ಕೊಡಬಾರದು, ಜಗಳ ಹತ್ತುತ್ತದೆ. ನೆಲಕ್ಕಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ಎರಡನೆಯದು, ತೆರೆದ ಚಾಕುವನ್ನು ಹಾಗೇ ಬಿಡಬಾರದು. ಅದು ಯಾರದ್ದೇ ಆಗಿರಲಿ, ಕಣ್ಣಿಗೆ ಬಿದ್ದವರು ಮಡಿಚಿಡಬೇಕು. ಗಿರಾಕಿಗಳು ತೆರೆದು ನೋಡಿ ಬಿಟ್ಟುಹೋದ ಚಾಕುಗಳನ್ನು ಬೋರಣ್ಣ ದಿನಕ್ಕೆ ನೂರು ಸಲ ಮಡಿಚುತ್ತಿದ್ದ. ಮಡಿಚಿದ್ದು ಅವನ ಕೈಗೆ ಗೊತ್ತಿರುತ್ತಿತ್ತು, ಅವನಿಗೆ ಗೊತ್ತಿರುತ್ತಿರಲಿಲ್ಲ.

ಅರವತ್ತೆರಡನೇ ಇಸವಿ, ಕಾರ್ತಿಕ ಮಾಸದ ಒಂದು ಮಧ್ಯಾಹ್ನ. ಹತ್ತಿ ಮಂಡಿಯ ಹಮಾಲರು ಬುತ್ತಿ ಉಂಡು ಮರದ ನೆರಳಿಗೆ ಬಂದು ಕೂತಿದ್ದರು. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದು ಸೆರಗಿನ ಗಂಟು ಬಿಚ್ಚಿ, ತುಕ್ಕು ಹಿಡಿದ ಮಡಿಚು ಚಾಕು ತೆಗೆದು ತಾಟಿನ ಮೇಲಿಟ್ಟಳು. ಬೆಲೆ ಕೇಳಲಿಲ್ಲ.

"ನೀವು ಚಾಕು ನೋಡಿ ಎಲ್ಲಾ ಹೇಳ್ತೀರಂತಲ್ಲ. ಇದನ್ನ ಹೇಳ್ರಿ."

ಬೋರಣ್ಣ ಎತ್ತಿಕೊಂಡ. "ಜಿಂಕೆ ಕೊಂಬಿನ ಹಿಡಿ, ಹಿತ್ತಾಳೆ ಮೊಳೆ. ಒಳ್ಳೆ ಮನೆತನದ ಚಾಕು, ತಂಗಿ. ಆದ್ರೆ ಹೊಳೆನೀರು ಕುಡಿದೈತೆ."

"ನೀರಿಗೆ ಬಿದ್ದಾಗ ತೆರೆದಿತ್ತೋ, ಮುಚ್ಚಿತ್ತೋ?"

ಇಂಥ ಪ್ರಶ್ನೆಯನ್ನು ಅವನ ಜನ್ಮದಲ್ಲೇ ಯಾರೂ ಕೇಳಿರಲಿಲ್ಲ. ಹಮಾಲರೆಲ್ಲ ಇತ್ತ ತಿರುಗಿದರು. ಬೋರಣ್ಣನಿಗೆ ಉಬ್ಬು ಬಂತು ನೋಡಿ! ಅಲಗಿನ ಗೆರೆಗೆ ಉಗುರು ಕೊಟ್ಟು ಎಳೆದ. ಅಲ್ಲಾಡಲಿಲ್ಲ.

"ಮುಚ್ಚಿತ್ತು. ಮುಚ್ಚಿದಲ್ಲೇ ತುಕ್ಕು ಹಿಡಿದು ಕಚ್ಕೊಂಡೈತೆ. ಇದರ ಯಜಮಾನ ಪುಣ್ಯಾತ್ಮ ಜೇಬಿಂದ ತೆಗೆದೇ ಇಲ್ಲ. ತಾನು ಮುಳುಗಿದ್ರೂ ಚಿಂತಿಲ್ಲ, ಚಾಕು ಸವೀಬಾರದು ಅಂದ್ಕೊಂಡಿರ್ಬೇಕು!"

ಹಮಾಲರು ಹೋ ಎಂದು ನಕ್ಕರು. ಅವಳು ನಗಲಿಲ್ಲ. "ಖರೇನಾ?" ಎಂದಳು.

"ಬೇಕಾದ್ರೆ ಬರೆದು ಕೊಡ್ತೀನಿ."

ಅವಳು ತಲೆಯಾಡಿಸಿ, ಚಾಕು ಬಿಟ್ಟು ನಡೆದೇಬಿಟ್ಟಳು. ಬೋರಣ್ಣ ಎರಡು ಸಲ ಕೂಗಿದ. ತಿರುಗಿ ಕೂಡ ನೋಡಲಿಲ್ಲ.

ಅವಳು ಯಾರೆಂದು ತಿಳಿದದ್ದು ಸಂಜೆಗೆ, ಹೊಳೆದಂಡೆಯ ಸಾರಥಿ ಎಂಬ ಊರಿನಿಂದ ಹುಲ್ಲು ಹೇರಿಕೊಂಡು ಬಂದ ಗಾಡಿಯವನಿಂದ. ಉಡಚಮ್ಮ ಅಂತ ಅವಳ ಹೆಸರು. ಮೂರು ವರ್ಷದ ಹಿಂದೆ, ತುಂಗಭದ್ರೆ ದಂಡೆ ಮುಟ್ಟಿ ಹರಿಯುವ ಶ್ರಾವಣದಲ್ಲಿ, ಅವಳ ಗಂಡ ಉಚ್ಚೆಂಗಪ್ಪ ಎಮ್ಮೆ ತೊಳೆಯಲು ಹೋದವನು ಬರಲಿಲ್ಲ. ಎಮ್ಮೆಯೂ ಸಿಗಲಿಲ್ಲ. ಮೂರನೇ ದಿನ ಹರಿಹರದ ಸೇತುವೆ ಕೆಳಗೆ ಹೆಣ ಸಿಕ್ಕಿತು, ಅಂಗಿ ಜೇಬಿನಲ್ಲಿ ಈ ಚಾಕು. ಆ ಬೆಳಗ್ಗೆ ಗಂಡಹೆಂಡಿರಿಗೆ ಜಗಳವಾಗಿತ್ತು. "ಹಾಳಾಗಿ ಹೋಗು, ತಿರುಗಿ ಬರಬ್ಯಾಡ" ಎಂದು ಅವಳು ಕೂಗಿದ್ದು ಓಣಿಗೆಲ್ಲ ಕೇಳಿತ್ತು. ಹೆಂಡತಿ ಬಾಯಿಗೆ ಬೇಸತ್ತು ಹೊಳೆ ಹಾರಿದ ಅಂತ ಊರು ತೀರ್ಮಾನ ಮಾಡಿತ್ತು. ಅವಳು ಒಪ್ಪಿರಲಿಲ್ಲ. ಎಮ್ಮೆ ಹಗ್ಗ ಕೈಗೆ ಸುತ್ತಿಕೊಂಡು ಹಿಡಿಯುವ ಅಭ್ಯಾಸ ಅವನಿಗೆ, ಹಗ್ಗ ಎಳೆದುಕೊಂಡು ಹೋಗಿರಬೇಕು, ಬದುಕೋ ಆಸೆ ಇದ್ದರೆ ಜೇಬಿನ ಚಾಕು ತೆಗೆದು ಕೊಯ್ದಿರುತ್ತಾನೆ ಅಂತ ಅವಳ ವಾದ. "ಅದನ್ನೇ ಕೇಳಾಕ್ ಬಂದಿದ್ಳು" ಎಂದ ಗಾಡಿಯವನು. "ಹೊಳೆ ಹಾರಿದೋನು ಚಾಕು ಯಾಕ ತೆಗೀತಾನೆ?"

ಬೋರಣ್ಣನಿಗೆ ಅನ್ನ ಇಳಿಯಲಿಲ್ಲ. ಮುಚ್ಚಿತ್ತು ಅಂದದ್ದು ಖರೆ ಇರಬಹುದು. ಮೇಲೊಂದು ನಗೆಚಾಟಿಕೆ ಯಾಕೆ ಬೇಕಿತ್ತು, ಥೂ!

ಮರುದಿನ ಬೆಳಗಿನ ಜಾವ ಎಚ್ಚರವಾದಾಗ ಹೊಸ್ತಿಲ ಆಚೆ ಒಬ್ಬ ನಿಂತಿದ್ದ. ಮೈಯೆಲ್ಲ ನೀರು. ಬಲಗೈ ಮುಂದೆ ಚಾಚಿದ್ದ, ಅಂಗೈ ಖಾಲಿ. ಬೋರಣ್ಣ ಕಣ್ಣುಜ್ಜಿಕೊಂಡ. ಬಾಗಿಲು ಚಿಲಕ ಹಾಕಿಯೇ ಇತ್ತು. ಕನಸೆಂದು ಮಗ್ಗುಲಾದ. ಎರಡನೇ ದಿನವೂ ಬಂದ. ಮೂರನೇ ದಿನ ಹೆಂಡತಿ ಮೈಲಮ್ಮ ಎದ್ದು, "ಯಾರ ಜೊತೆ ಮಾತಾಡ್ತಿದ್ರಿ?" ಎಂದಳು. ತಾನು ಮಾತಾಡಿದ್ದೇ ಬೋರಣ್ಣನಿಗೆ ಗೊತ್ತಿರಲಿಲ್ಲ.

ಹಳೇ ಚಾಕುವಿನ ಮೊಳೆ ಕಿತ್ತರೆ ಬೆಲೆ ಹೋದಂತೆಯೇ. ಮೂಲ ಮೊಳೆ ಇದ್ದರಷ್ಟೇ ಅದು ವಿಲಾಯತಿ ಚಾಕು, ಕಿತ್ತು ಜಡಿದದ್ದು ಗುಜರಿ. ಅಂದು ಬೋರಣ್ಣ ಅದನ್ನೆಲ್ಲ ನೋಡಲಿಲ್ಲ. ಸೀಮೆಎಣ್ಣೆ ಬಿಟ್ಟು, ಮೊಳೆ ಕಿತ್ತು, ಹಿಡಿಯ ಎರಡು ಹೋಳನ್ನೂ ಬಿಡಿಸಿಟ್ಟ. ಅಲಗು ಮಲಗುವ ಸಂದಿನ ತುಂಬ ಹೊಳೆಮರಳು. ಅಂಚು ಒತ್ತಿದ ಗೆರೆ ಆ ಮರಳಿನ ಮೇಲೆ ಮೂಡಿತ್ತು. ಅಂದರೆ ಮರಳು ಮೊದಲು ಹೊಕ್ಕಿತ್ತು, ಅಲಗು ಆಮೇಲೆ ಅದರ ಮೇಲೆ ಮಲಗಿತ್ತು. ಅಲಗಿನ ಬುಡಕ್ಕೂ ಸ್ಪ್ರಿಂಗಿಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಎತ್ತಿ ಬೆಳಕಿಗೆ ಹಿಡಿದ. ಪುಂಡಿನಾರಿನ ಎಳೆ. ದನದ ಹಗ್ಗದ್ದು.

ಚಾಕು ತೆರೆದಿತ್ತು. ಹಗ್ಗ ಕೊಯ್ಯುತ್ತಿತ್ತು.

ಹಾಗಾದರೆ ಮುಚ್ಚಿದವರ್ಯಾರು? ಅಂದೇ ಹರಿಹರಕ್ಕೆ ಹೋಗಿ, ಹೆಣ ಎತ್ತಿದ ಹರಿಗೋಲಿನ ಮಸ್ತಾನಸಾಬನನ್ನು ಹುಡುಕಿದ. ಮುದುಕ ಹೊಳೆದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ.

"ಮುಷ್ಟಿಯೊಳಗಿತ್ತಪ್ಪ ಚಾಕು. ಬೆರಳು ಬಿಡಿಸೋದ್ರಾಗೆ ಸಾಕಾತು."

"ತೆರೆದಿತ್ತಾ?"

"ತೆರೆದೇ ಇತ್ತು. ಹೆಣದ ಪಕ್ಕ ಚಾಕು ತೆರೆದು ಇಡ್ತಾರೇನು? ಮಡಿಚಿ ಅವನ ಅಂಗಿ ಜೇಬಿಗೆ ಹಾಕ್ದೆ."

"ಯಾರಿಗೂ ಹೇಳ್ಲಿಲ್ವಾ, ಸಾಬ್ರೆ?"

"ಯಾರ್ ಕೇಳಿದ್ರು?" ಎಂದ ಮಸ್ತಾನಸಾಬ. "ಅದ್ರಾಗೇನೈತೆ ಹೇಳೋಕೆ? ನೀನಿದ್ರೆ ಮಡಿಚ್ತಿರ್ಲಿಲ್ವೇನು?"

ಮಡಿಚುತ್ತಿದ್ದ. ನೂರಕ್ಕೆ ನೂರು ಮಡಿಚುತ್ತಿದ್ದ. ಅದೇ ಅವನನ್ನು ಚುಚ್ಚಿತು. ಪ್ರತಿ ಚಾಕುವಿನ ಜಾತಕ ಓದುವ ತನಗೆ, ದಂಡೆ ಮೇಲೊಂದು ಕೈ ಅದನ್ನು ಮಡಿಚಿರಬಹುದು ಅಂತ ಹೊಳೆಯಲಿಲ್ಲವಲ್ಲ!

ಹೊಸ ಮೊಳೆ ಜಡಿಸಿ, ನಾರಿನ ಎಳೆಯನ್ನು ಕಾಗದದಲ್ಲಿ ಸುತ್ತಿಕೊಂಡು ಮಾರನೇ ದಿನ ಸಾರಥಿಗೆ ನಡೆದ. ಉಡಚಮ್ಮ ಜಗುಲಿಯ ಮೇಲೆ ಕೂತು ಜೋಳ ಕೇರುತ್ತಿದ್ದಳು. ಅವನು ಚಾಕುವನ್ನು ತೆರೆದು ಅವಳ ಮುಂದಿಟ್ಟ, ಪಕ್ಕದಲ್ಲಿ ಎಳೆ ಇಟ್ಟ, ಮಸ್ತಾನಸಾಬನ ಮಾತನ್ನು ಒಂದಕ್ಷರ ಬಿಡದೆ ಹೇಳಿದ. "ತಪ್ಪಾತು ತಂಗಿ. ನನ್ನ ನಾಲಗೆ ಸೇದಿಹೋಗ್ಲಿ" ಎಂದ.

ಅವಳು ಬೈಯಲಿಲ್ಲ. ಎಳೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಮೂರು ವರ್ಷ ದಿನಾ ಬರ್ತಿದ್ದ ಅಣ್ಣ. ಬೆಳಗಿನ ಜಾವ, ಹೊಸ್ತಿಲ ಆಚೆ ನಿಲ್ತಿದ್ದ. ಒದ್ದೆ ಮೈ. ಒಳಗೆ ಬಾ ಅಂತಿದ್ದೆ, ಬರ್ತಿರ್ಲಿಲ್ಲ. ನೀವು ಮುಚ್ಚಿತ್ತು ಅಂದ ದಿನ ಮನೆಗೆ ಬಂದು ಬಾಗಿಲಿಗೆ ನಿಂತು ಬೈದೆ. ಬೇಕಂತ ಬಿಟ್ಟುಹೋದವನು ಯಾವ ಮುಖ ಇಟ್ಕೊಂಡು ಬರ್ತೀಯ, ಇನ್ನ ಈ ಕಡೆ ತಲೆ ಹಾಕಬ್ಯಾಡ ಅಂದೆ. ಅವತ್ತಿಂದ ಬಂದಿಲ್ಲ." "ಎರಡು ಸಲ ಓಡ್ಸಿದ್ನಲ್ಲಣ್ಣ ಅವನ್ನ."

ಬೋರಣ್ಣ ಹೇಳಲೋ ಬೇಡವೋ ಎಂದು ಒದ್ದಾಡಿ, ಕಡೆಗೆ ಅಂದ: "ನನ್ನ ಬಾಗಿಲಿಗೆ ಬರ್ತಾನೆ, ತಂಗಿ. ಅವತ್ತಿಂದ. ಕೈ ಚಾಚ್ಕೊಂಡು ನಿಲ್ತಾನೆ."

ಅವಳು ತಟ್ಟನೆ ತಲೆಯೆತ್ತಿದಳು. ಹೆದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಆಸ್ಪತ್ರೆಯಲ್ಲಿರುವ ತನ್ನವರ ಸುದ್ದಿ ಕೇಳುವ ಹಾಗೆ, "ಹೆಂಗಿದಾನೆ?" ಎಂದಳು. ಅವನು ತನ್ನ ಬಲಗೈ ಚಾಚಿ ತೋರಿಸಿದ.

"ಇನ್ನೊಂದ್ಸಲ ಬಂದ್ರೆ ಹೇಳ್ರಿ. ಬೈದಿದ್ದು ತಪ್ಪಾತಂತೆ, ಉಡಚಿ ಮನೆಗೆ ಕರೀತಾಳೆ ಅಂತ ಹೇಳ್ರಿ. ನೀವು ಹೇಳಿದ್ರೆ ಕೇಳ್ತಾನೆ."

"ಹೇಳ್ತೀನಿ" ಎಂದ. ಏಳುವಾಗ ಅವನ ಕೈ ತನ್ನಷ್ಟಕ್ಕೆ ತೆರೆದ ಚಾಕುವಿನ ಕಡೆ ಹೋಯಿತು.

"ಮಡಿಚಬ್ಯಾಡಣ್ಣ" ಎಂದಳು ಉಡಚಮ್ಮ. "ಹಂಗೇ ಇರ್ಲಿ."

ಮರುದಿನ ಬೆಳಗಿನ ಜಾವ ಬೋರಣ್ಣ ಎದ್ದು, ಚಿಲಕ ತೆಗೆದು ಕಾದ. ಉಚ್ಚೆಂಗಪ್ಪ ಬರಲಿಲ್ಲ. ಮರುದಿನವೂ ಬರಲಿಲ್ಲ, ತಿಂಗಳು ಕಳೆದರೂ ಬರಲಿಲ್ಲ. ತಾನಾಗಿಯೇ ಸಾರಥಿಯ ದಾರಿ ಹಿಡಿದನೋ, ಎಲ್ಲಿಗೂ ಸೇರದೆ ಹೋದನೋ? ಉಡಚಮ್ಮ ಮತ್ತೆ ಮಂಡಿಪೇಟೆಗೆ ಬರಲಿಲ್ಲ. ಹೋಗಿ ಕೇಳುವ ಧೈರ್ಯ ಬೋರಣ್ಣನಿಗೂ ಆಗಲಿಲ್ಲ. ಬಂದಿಲ್ಲ ಅಂದುಬಿಟ್ಟರೆ?

ಬೇವಿನ ಮರದ ಕೆಳಗೆ ಜಾತಕ ಓದುವುದು ನಿಂತುಹೋಯಿತು. ಮೊಹರು ನೋಡಿ, ಟಕ್ಕೆಂಬ ಸದ್ದು ಕೇಳಿ, ಬೆಲೆ ಹೇಳಿ ಬಾಯಿ ಮುಚ್ಚುತ್ತಿದ್ದ. ಬೋರಣ್ಣನಿಗೆ ಸೊಕ್ಕು ಬಂತು ಎಂದು ಹಮಾಲರು ಬೇಜಾರು ಮಾಡಿಕೊಂಡರು. ಓಣಿಯವರು ಅವನ ಮನೆ ಬಾಗಿಲು ಕತ್ತಲು ಹರಿಯುವ ಮುಂಚೆಯೇ ತೆರೆದಿರುವುದನ್ನು ಕಂಡು, ಹಾಲಿನವನಿಗೆ ಕಾಯುತ್ತಾನೆ ಎಂದುಕೊಂಡಿದ್ದರು.

"ಥಂಡಿ ಗಾಳಿ ಬರ್ತೈತೆ, ಬಾಗಿಲು ಹಾಕ್ರಿ" ಎಂದು ಮೈಲಮ್ಮ ಒಳಗಿನಿಂದ ಕೂಗುವಳು.

"ಇರು" ಎನ್ನುವನು ಬೋರಣ್ಣ ಹೊಸ್ತಿಲ ಬಳಿ ಕೂತು. "ಒಬ್ರಿಗೆ ಒಂದು ಮಾತು ಹೇಳೋದೈತೆ."