ಬೋಳುತಲೆಯ ವಿದ್ಯಾರ್ಥಿ

ಆ ಚಳಿಗಾಲ ತನ್ನ ಸ್ಟೇಡಿಯಂ ರಿಪೇರಿಯಲ್ಲಿದ್ದುದರಿಂದ ವೃತ್ತಿಪರ ಫುಟ್‌ಬಾಲ್ ತಂಡವೊಂದು ಇಂಗ್ಲೆಂಡಿನ ಸಟನ್‌ನಲ್ಲಿ ನನ್ನ ಮಗಳ ಹೈಸ್ಕೂಲ್ ಮೈದಾನವನ್ನೇ ಹಂಚಿಕೊಂಡಿತ್ತು. ಧಾರವಾಡದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ನಮ್ಮ ಅತ್ತೆ, ಮೊಮ್ಮಗಳನ್ನು ಕರೆತರಲು ನನ್ನ ಜೊತೆ ಬಂದವರು, ಚಡ್ಡಿ ಹಾಕಿಕೊಂಡು ಓಡುತ್ತಿದ್ದ ಗಡ್ಡದ ಗಂಡಸರನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟರು.

"ಎಷ್ಟ ಸಲ ಫೇಲಾಗ್ಯಾವ ಇವು?"

"ಅಯ್ಯೋ, ಅವರು ಸಂಬಳಕ್ಕೆ ಆಡೋರು ಅತ್ತೆ."

"ಫೇಲಾದವ್ರಿಗೆ ಪಗಾರಾನೂ ಕೊಡ್ತಾರ?"

ನಾನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಅವರು ಬೋಳುತಲೆಯ ಗೋಲ್‌ಕೀಪರನ ಮುಂದೆ ನಿಂತು, "ಎಷ್ಟನೇ ಕ್ಲಾಸೋ ನೀ?" ಎಂದು ಗದರಿಸುತ್ತಿದ್ದರು. ಅವನು ಪಾಪ, ಯಾರೋ ಅಭಿಮಾನಿ ಎಂದುಕೊಂಡು, ಅವರ ಕೈಯಲ್ಲಿದ್ದ ಬಸ್ ಟಿಕೆಟ್ಟಿನ ಮೇಲೆ ಸಹಿ ಗೀಚಿಕೊಟ್ಟ.

ಅತ್ತೆ ಕನ್ನಡಕ ಏರಿಸಿಕೊಂಡು ಅದನ್ನು ನೋಡಿದರು.

"ಇಂಥಾ ಅಕ್ಷರಕ್ಕ ಯಾರು ಪಾಸ್ ಮಾಡ್ತಾರ?"