ಹ್ಯಾಂಡ್‌ಬಿಲ್ಲಿನಲ್ಲಿ ಇಲ್ಲದ ರಾಣಿ

ಆ ಮಾತು ಕೇಳಿ ನಾನು ನಕ್ಕೆನೆಂದು ಒಂದು ನೆನಪು ಹೇಳುತ್ತದೆ. ನಗಲಿಲ್ಲ, ನೋಟ್‌ಬುಕ್ ಮುಚ್ಚಿ ಸುಮ್ಮನೆ ಎದ್ದೆ ಎಂದು ಇನ್ನೊಂದು. ನಿಜವಾಗಿ ಏನಾಯಿತೋ ಗೊತ್ತಿಲ್ಲ. ಎರಡನೆಯದು ನನಗೆ ಅನುಕೂಲವಾದದ್ದು, ಆದ್ದರಿಂದ ಅದನ್ನು ಕಡಿಮೆ ನಂಬುತ್ತೇನೆ.

ಆಗ ನಾನು ಕಾಲೇಜಿನಿಂದ ನಿವೃತ್ತನಾಗಿ, ತೀರಿಹೋದ ನಾಟಕ ಮತ್ತು ಸಿನಿಮಾ ಕಲಾವಿದರ ಪರಿಚಯ ಕೋಶವೊಂದಕ್ಕೆ ಟಿಪ್ಪಣಿ ಬರೆದುಕೊಡುತ್ತಿದ್ದೆ. ಮಲ್ಲೇಶ್ವರದಲ್ಲಿದ್ದ ಸಂಪಾದಕರಿಗೆ ಎರಡೇ ನಿಯಮ. ಕಲಾವಿದರು ತೀರಿಹೋಗಿರಬೇಕು, ಹೇಳುವ ಪ್ರತಿ ಸಂಗತಿಗೂ ಅಚ್ಚಾದ ಆಧಾರ ಇರಬೇಕು. ಎರಡನೆಯ ನಿಯಮ ಅವರಿಗಿಂತ ನನಗೇ ಪ್ರಿಯ. ವಿದ್ಯಾರ್ಥಿಗಳ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಆಧಾರ?’ ಎಂದು ಬರೆಯುತ್ತಲೇ ಕೆಲಸದ ವರ್ಷಗಳನ್ನು ಕಳೆದವನು ನಾನು.

ಚಾಮರಾಜಪೇಟೆಯ ವಠಾರದಲ್ಲಿದ್ದ, ಆ ಮಾತು ಆಡಿದ ಅಜ್ಜಿಯ ಮನೆಗೆ ಹೋದದ್ದು ಅವರ ವಿಷಯ ಕೇಳುವುದಕ್ಕಲ್ಲ. ಅವರಿದ್ದ ನಾಟಕ ಕಂಪನಿಯ ನಾಯಕಿಯೊಬ್ಬರು ಮುಂದೆ ಸಿನಿಮಾಕ್ಕೆ ಹೋಗಿ ದೊಡ್ಡ ಹೆಸರು ಮಾಡಿ ತೀರಿಕೊಂಡಿದ್ದರು. ಅವರ ಬಗ್ಗೆ ಎರಡು ಪುಟ ಬರೆಯಬೇಕಿತ್ತು. ಅಜ್ಜಿ ಅದೇ ಕಂಪನಿಯಲ್ಲಿ ಸಖಿಯ ಪಾತ್ರ ಮಾಡುತ್ತಿದ್ದವರು, ಎಂಬತ್ತು ದಾಟಿದ್ದರು. ಬಾಗಿಲ ಬಳಿ ಬೆಳಕಿಗೆ ಕೂತು ಅವರ ಮಗಳು ಯಾರದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು.

ನಾನು ಕೇಳಿದ್ದಕ್ಕೆಲ್ಲ ಅಜ್ಜಿ ಉತ್ತರ ಕೊಟ್ಟರು. ಕಾಫಿ ಆದಮೇಲೆ ತಮ್ಮ ಮಾತು ತೆಗೆದರು. ಕಂಪನಿ ಚಾಮರಾಜಪೇಟೆಯಲ್ಲೇ ಕ್ಯಾಂಪ್ ಹಾಕಿದ್ದ ಒಂದು ದಸರೆಗೆ ಎರಡು ದಿನ ಮೊದಲು ನಾಯಕಿ ಇದ್ದಕ್ಕಿದ್ದಂತೆ ಹೊರಟುಹೋದರಂತೆ. ದಸರೆಯ ಹನ್ನೊಂದು ಆಟ ಬಾಕಿ. ಇಡೀ ಕ್ಯಾಂಪಿಗೆ ಹ್ಯಾಂಡ್‌ಬಿಲ್ ಮೊದಲೇ ಅಚ್ಚಾಗಿತ್ತು. ನಾಯಕಿ ಇಲ್ಲವೆಂದರೆ ಜನ ಬರುವುದಿಲ್ಲ ಎಂದು ಮಾಲೀಕ ಅದನ್ನೇ ಹಂಚಿಸುತ್ತ ಹೋದ. ಸಖಿಯ ಮುಖಕ್ಕೆ ರಾಣಿಯ ಬಣ್ಣ ಬಳಿದು ಕಿರೀಟ ಇಟ್ಟರು. ನಾಯಕಿಯ ರವಿಕೆ ದೊಗಲೆಯಾಗಿ, ಬೆನ್ನಿಗೆ ಪಿನ್ನು ಹಾಕಿ ಬಿಗಿ ಮಾಡಿದ್ದರು. ಮೂರನೆಯ ಅಂಕದಲ್ಲಿ ಒಂದು ಪಿನ್ನು ಬಿಚ್ಚಿಕೊಂಡು ಚುಚ್ಚಿ, ಕಣ್ಣಲ್ಲಿ ನಿಜವಾದ ನೀರು ಬಂತು. ಜನ ಒನ್ಸ್ ಮೋರ್ ಎಂದರು. ಚುಚ್ಚಿಕೊಂಡೇ ಇನ್ನೊಂದು ಸಲ ಹೇಳಿದೆ ಎಂದರು ಅಜ್ಜಿ.

“ಹನ್ನೊಂದು ಆಟ ನಾನೇ ರಾಣಿ, ಮೇಷ್ಟ್ರೇ. ಅದೊಂದು ಬರ್ದ್‌ಬಿಡಿ. ಸಖಿ ಪಾತ್ರದ್ದೇನೂ ಬೇಡ.”

ಆಧಾರ ಏನಾದರೂ ಇದೆಯೇ ಎಂದೆ. ಅವರು ಆಧಾರವೆಂದು ರಾಣಿಯ ಮಾತುಗಳನ್ನು ಒಂದೂ ತಪ್ಪದೆ ಹೇಳಿ ತೋರಿಸಿದರು. ಪ್ರತಿ ಆಟದಲ್ಲೂ ರಾಣಿಯ ಪಕ್ಕದಲ್ಲಿ ನಿಂತ ಸಖಿಗೆ ಅವು ಬಾಯಿಪಾಠ ಆಗಿರಲೇಬೇಕಲ್ಲ ಎಂದುಕೊಂಡೆ. ಪಿನ್ನಿನ ಕತೆಯಂಥದ್ದನ್ನು ಎಲ್ಲ ಕಂಪನಿಯವರೂ ಹೇಳುತ್ತಾರೆ. ನನ್ನ ಚೀಲದಲ್ಲಿದ್ದ ಹಳೆಯ ಹ್ಯಾಂಡ್‌ಬಿಲ್ಲಿನಲ್ಲಿ ಆ ಹನ್ನೊಂದು ಆಟಕ್ಕೂ ನಾಯಕಿಯ ಹೆಸರೇ ಇತ್ತು. ಅದನ್ನು ತೋರಿಸುವುದು ಬೇಡವೆನ್ನಿಸಿ, ಈ ಪುಸ್ತಕಕ್ಕೆ ತೀರಿಹೋದವರು ಮಾತ್ರ ಎಂಬ ಮೊದಲನೆಯ ನಿಯಮ ಹೇಳಿ ಜಾರಿಕೊಂಡೆ.

“ಅಷ್ಟೇ ತಾನೆ? ಅದಕ್ಕಿನ್ನೇನು ಬಹಳ ದಿನ ಇಲ್ಲ ಬಿಡಿ. ಹೋದ್ಮೇಲಾದ್ರೂ ಹಾಕ್ತೀರಾ?”

ನಾನು ನಕ್ಕೆನೋ ಇಲ್ಲವೋ ಎಂದದ್ದು ಇದಕ್ಕೆ. ಮಗಳು ಸೂಜಿ ನಿಲ್ಲಿಸಿ ನನ್ನ ಉತ್ತರಕ್ಕೆ ಕಾದದ್ದು ಮಾತ್ರ ನೆನಪಿದೆ. ‘ನೋಡೋಣಮ್ಮ’ ಎಂದಿರಬೇಕು. ನಾನು ಯಾವಾಗಲೂ ಅನ್ನುವುದು ಅದನ್ನೇ.

ಮರುವರ್ಷ ಮಗಳು ಫೋನ್ ಮಾಡಿ, ಅಮ್ಮ ಹೋದರು ಎಂದಳು. ಇನ್ನು ಹಾಕಬಹುದಲ್ಲ ಎಂದೂ ಕೇಳಿದಳು. ಒಂದು ನಿಯಮ ತೀರಿತ್ತು, ಇನ್ನೊಂದು ಉಳಿದಿತ್ತು. ನಾನು ಬರೆದದ್ದು ಒಂದು ಸಾಲು: ‘ಸಖಿ ಮೊದಲಾದ ಚಿಕ್ಕ ಪಾತ್ರಗಳಲ್ಲಿ ಅಭಿನಯಿಸಿದ್ದರು.’ ಬೇಡ ಎಂದು ಅವರು ಹೇಳಿದ್ದ ಒಂದೇ ಸಂಗತಿ. ಅದಕ್ಕೆ ಅಚ್ಚಾದ ಆಧಾರವಿತ್ತು.

ಬಸವನಗುಡಿಯ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾಯಿತು. ಮಾತಾಡಿದವರೆಲ್ಲ, ತೀರಿಹೋದವರು ತಮ್ಮನ್ನು ಎಷ್ಟು ಮೆಚ್ಚಿದ್ದರೆಂದು ಹೇಳಿದರು. ನನಗೂ ಒಂದು ಶಾಲು ಸಿಕ್ಕಿತು. ಮಾರನೆಯ ದಿನ ಒಂದು ಪ್ರತಿಯನ್ನು ಮಗಳಿಗೆ ಒಯ್ದುಕೊಟ್ಟೆ. ಅವಳು ಮೊದಲು ತಾಯಿಯ ಸಾಲು ನೋಡಿದಳು. ನಾಯಕಿಯ ಎರಡು ಪುಟ ತೆಗೆದು, ಹೊಲಿಗೆ ನೋಡುವ ಹಾಗೆ ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿದಳು. ನಾನು ಕಾಫಿ ಮುಗಿಸಿದ್ದೆ.

“ಇಲ್ಲಿ ನೋಡಿ ಮೇಷ್ಟ್ರೇ. ಆ ದಸರಾದಲ್ಲಿ ಇವ್ರು ಚಾಮರಾಜಪೇಟೇಲಿ ಹನ್ನೊಂದು ಆಟ ರಾಣಿ ಅಂತೀರ. ಈ ಪುಟದಲ್ಲಿ, ಅದೇ ದಸರಾದಲ್ಲಿ ಮದ್ರಾಸಲ್ಲಿ ಮೊದಲನೇ ಸಿನಿಮಾ ಶೂಟಿಂಗು ಅಂತೀರ. ಒಬ್ಬರೇ ಎರಡೂರಲ್ಲಿ ಹೇಗಿದ್ರು?”

ಮೊದಲನೆಯದಕ್ಕೆ ಆಧಾರ ಹ್ಯಾಂಡ್‌ಬಿಲ್. ಎರಡನೆಯದಕ್ಕೆ ಸಿನಿಮಾ ಮಾಸಪತ್ರಿಕೆಯಲ್ಲಿ ಬಂದ ನಾಯಕಿಯದೇ ಸಂದರ್ಶನ. ಎರಡೂ ಅಚ್ಚಾದವು, ಆದ್ದರಿಂದ ಎರಡನ್ನೂ ನಂಬಿದ್ದೆ. ಮೂರು ಸಲ ಪ್ರೂಫ್ ನೋಡಿದವನು ಪಕ್ಕಪಕ್ಕ ಇಟ್ಟು ಒಮ್ಮೆಯೂ ನೋಡಿರಲಿಲ್ಲ. ನನ್ನ ಅನುಮಾನವೆಲ್ಲ ವಠಾರದ ಮುದುಕಿಗೆ ಮೀಸಲಾಗಿತ್ತು.

ಸಂಪಾದಕರ ಬಳಿ ಓಡಿದೆ. ಅವರಿಗೆ ಗಾಬರಿಯಾಗಲಿಲ್ಲ. ಮುಂದಿನ ಮುದ್ರಣ ಅಂತೇನಾದರೂ ಆದರೆ ಮದ್ರಾಸಿನ ಸಾಲು ತೆಗೆದರಾಯಿತು, ಎಲ್ಲ ಸರಿಹೋಗುತ್ತೆ ಎಂದರು. ನಾನು ಜಗಳವಾಡಲಿಲ್ಲ. ಆಡಿದೆನೆಂದು ಈಚೆಗೆ ಒಬ್ಬರಿಗೆ ಹೇಳಿದ್ದೇನೆ, ಅದು ಸುಳ್ಳು. ಆ ಮಗಳ ಬೀದಿಯಲ್ಲಿ ಆಮೇಲೆ ನಾನು ನಡೆದಿಲ್ಲ.

ಪಿನ್ನು ಚುಚ್ಚಿತೋ, ಜನ ಒನ್ಸ್ ಮೋರ್ ಎಂದರೋ, ಇವತ್ತಿಗೂ ಹೇಳಲಾರೆ. ಒಂದನ್ನು ಮಾತ್ರ ಗ್ರಂಥಾಲಯದಲ್ಲಿ ಕೂತು, ಆ ವರ್ಷದ ಪತ್ರಿಕೆಗಳನ್ನೆಲ್ಲ ತೆಗೆಸಿ ನೋಡಿದ್ದೇನೆ. ಮೂರು ಬೇರೆ ಬೇರೆ ಪತ್ರಿಕೆಗಳು ಅದನ್ನು ವರದಿ ಮಾಡಿವೆ, ಒಂದರಲ್ಲಿ ಸೆಟ್ಟಿನ ಫೋಟೊ ಕೂಡ ಇದೆ. ನವರಾತ್ರಿಯ ಮೊದಲ ದಿನದಿಂದ ದೀಪಾವಳಿಯವರೆಗೆ, ಒಂದು ದಿನವೂ ಬಿಡುವಿಲ್ಲದೆ, ಆ ನಾಯಕಿ ಮದ್ರಾಸಿನಲ್ಲಿದ್ದರು.