ಬಿಸಿಲಿಗೆ ಕಾಯದ ಬಾತು

ಮಂಜಲ್‌ಪುರ ಬಡಾವಣೆಯ ಪದ್ಮಾ ಮೂಲತಃ ತುಮಕೂರಿನವರು. ರೈಲ್ವೆ ನೌಕರಿ ಅವರನ್ನು ಗುಜರಾತಿನ ವಡೋದರಾಕ್ಕೆ ತಂದು ಹಾಕಿ ಇಪ್ಪತ್ತೆರಡು ವರ್ಷ. ಮೊದಮೊದಲು ಈ ಊರಲ್ಲಿ ಅವರನ್ನು ಮಾತಾಡಿಸುವವರೇ ಇರಲಿಲ್ಲ. ಆಮೇಲೆ ಚಳಿಗಾಲಕ್ಕೆ ಬರುವ ಬಾತುಗಳ ಹುಚ್ಚು ಹಿಡಿಯಿತು ನೋಡಿ, ಕೆಲವೇ ವರ್ಷದಲ್ಲಿ ಹಕ್ಕಿ ಎಣಿಸುವ ತಂಡದವರೆಲ್ಲ ‘ಪದ್ಮಾಬೆನ್ ಹೇಳಿದರೆ ಮುಗಿಯಿತು’ ಎನ್ನತೊಡಗಿದರು. ಆ ಮಾತೇ ಅವರ ಆಸ್ತಿ.

ಎಣಿಕೆಯಲ್ಲಿ ದುರ್ಬೀನಿನಲ್ಲಿ ನೋಡುವವರು ಒಬ್ಬರು, ಬರೆಯುವವರು ಇನ್ನೊಬ್ಬರು. ಕೂಗಿದ್ದನ್ನು ಬರೆಯಬೇಕು, ಪ್ರಶ್ನೆ ಕೇಳುವಂತಿಲ್ಲ. ಪದ್ಮಾ ಕೂಗುತ್ತಾರೆ, ಗಂಡ ರಾಘವ ಬರೆಯುತ್ತಾರೆ. ಮನೆಯಲ್ಲಿ ಉಪ್ಪಿಗೂ ಹುಳಿಗೂ ತಕರಾರು ತೆಗೆಯುವ ಮಹಾರಾಯ ಕೆರೆದಂಡೆಯಲ್ಲಿ ತುಟಿ ಬಿಚ್ಚುವುದಿಲ್ಲ!

ಹೋದ ಜನವರಿಯ ಮಂಜಿನಲ್ಲಿ ಪದ್ಮಾ ‘ಬೇರ್ಸ್ ಪೋಚಾರ್ಡ್, ಒಂದು ಗಂಡು’ ಎಂದು ಕೂಗಿದ್ದರು. ಜಗತ್ತಿನಲ್ಲೇ ಅಪರೂಪವಾದ ಬಾತು; ಗಂಡಿಗೆ ಬಿಳಿ ಕಣ್ಣು, ಹಸಿರು ಮಿಂಚುವ ಕಪ್ಪು ತಲೆ, ಪಕ್ಕೆಯಲ್ಲಿ ಬಿಳಿ. ಫೋಟೊ ಇರಲಿಲ್ಲ, ಬರೀ ಅವರ ಮಾತಿನ ಮೇಲೆ ಅದು ಪಟ್ಟಿಗೆ ಸೇರಿತು.

ಈ ಜನವರಿ, ದಭೋಯಿ ಹತ್ತಿರದ ಅದೇ ಕೆರೆ, ಜೊಂಡಿನ ಅದೇ ಮೂಲೆ. ಮುಂಜಾನೆಯ ಮಬ್ಬಿನಲ್ಲಿ ಬಿಳಿ ಕಣ್ಣು, ಕಪ್ಪುಹಸಿರು ತಲೆ.

“ಬಂದಿದೆ ರೀ!” ಎಂದುಬಿಟ್ಟರು ಪದ್ಮಾ.

ತಂಡದ ಮುಖ್ಯಸ್ಥ ಮಂಥನ್ ಓಡಿ ಬಂದು ಫೋಟೊ ತೆಗೆದು, ಎಲ್ಲರಿಗೂ ಕಳಿಸಲು ಸಿಗ್ನಲ್ ಹುಡುಕುತ್ತ ಏರಿಯ ಮೇಲೆ ಹೊರಟ.

ಪದ್ಮಾ ಮಾತ್ರ ಕಣ್ಣು ಕೀಳಲಿಲ್ಲ. ಬಿಸಿಲು ಜೊಂಡು ದಾಟಿ ನೀರಿಗಿಳಿಯಿತು. ಬಾತು ಪಕ್ಕಕ್ಕೆ ತಿರುಗಿತು. ಹಸಿರೆಲ್ಲಿದೆ? ತಲೆಗೆ ಹೊಸ ಹುಣಸೆಹಣ್ಣಿನ ಬಣ್ಣ. ಪಕ್ಕೆಯಲ್ಲಿ ಬಿಳಿಯ ಸುಳಿವೇ ಇಲ್ಲ. ಇದು ಪ್ರತಿ ವರ್ಷ ಬರುವ ಫೆರುಜಿನಸ್ ಬಾತು. ಅದಕ್ಕೂ ಬಿಳಿ ಕಣ್ಣೇ, ಮಬ್ಬಿನಲ್ಲಿ ತಲೆ ಕಪ್ಪಾಗಿಯೇ ಕಾಣುತ್ತದೆ. ಹಾಗಾದರೆ ಹೋದ ವರ್ಷದ್ದು? ಅವತ್ತು ಬಿಸಿಲಿಗೆ ಕಾದಿರಲೇ ಇಲ್ಲ.

“ರೀ, ತಪ್ಪಾಯ್ತು. ಇದು ಅದಲ್ಲ. ಹೋದ್ವರ್ಷದ್ದೂ ಅಲ್ಲ ಅನ್ಸತ್ತೆ.”

“ಸುಮ್ನಿರೇ! ಆ ಮಬ್ಬು ಫೋಟೊ ನೋಡಿ ಯಾರಿಗೆ ಗೊತ್ತಾಗತ್ತೆ? ಹತ್ತು ವರ್ಷದ ಹೆಸರು ಕಣೇ, ಒಂದೇ ಏಟಿಗೆ ಹೋಗ್ಬಿಡತ್ತೆ.”

“ಹೋದ್ರೆ ಹೋಗ್ಲಿ. ಇಲ್ದೇ ಇರೋ ಬಾತನ್ನ ಪಟ್ಟೀಲಿಟ್ಕೊಂಡು ನಾನು ಯಾವ ಮುಖ ಹೊತ್ಕೊಂಡು ಕೆರೆಗೆ ಬರ್ಲಿ?”

ಅಷ್ಟರಲ್ಲಿ ಏರಿಯ ಮೇಲೆ ಮಂಥನ್ ಫೋನ್ ಎತ್ತಿ ಹಿಡಿದಿದ್ದ. ಸಿಗ್ನಲ್ ಸಿಕ್ಕಿತ್ತು. ಕೆರೆದಂಡೆಯಲ್ಲಿ ಎಂದೂ ದನಿಯೇರಿಸದ ಪದ್ಮಾ ಗುಜರಾತಿಯಲ್ಲಿ ಕಿರುಚಿದರು: ಕಳಿಸಬೇಡ, ನಿಲ್ಲು! ನೂರಾರು ಬಾತುಗಳು ಧಡಕ್ಕನೆ ಎದ್ದವು. ಪುಣ್ಯಕ್ಕೆ ಜೊಂಡಿನ ಮೂಲೆಯದು ಕದಲಲಿಲ್ಲ.

ಮಂಥನ್ ಇಳಿದು ಬಂದ. ಪದ್ಮಾ ಎರಡೂ ವರ್ಷದ ತಪ್ಪನ್ನು ಹೇಳಿದರು. ಅವನು ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಬಗ್ಗಿ ದುರ್ಬೀನಿಗೆ ಕಣ್ಣಿಟ್ಟ. ಅವರು ಹೇಳಿದ ಮೇಲೆ ಇನ್ನೊಬ್ಬರು ನೋಡಿದ್ದು ಹತ್ತು ವರ್ಷದಲ್ಲಿ ಇದೇ ಮೊದಲು.

“ಫೆರುಜಿನಸ್, ಒಂದು ಗಂಡು,” ಎಂದು ಪದ್ಮಾ ಕೂಗಿದರು.

ರಾಘವ ಬರೆಯಲಿಲ್ಲ. ಮಂಥನ್ ಹೂಂ ಅನ್ನಲಿ ಎಂದು ಕಾಯುತ್ತಿದ್ದರು.